ಕೂಸು ಎಷ್ಟು ತಾಸು ಮೇಲಿತ್ತು

ವಾಗದರಿ, ತಾ. ಅಕ್ಕಲಕೋಟ
6 ಫೆಬ್ರುವರಿ 2024

ಶಾರದಾಬಾಯಿಯವರಿಗೆ ನಮಸ್ಕಾರ.

ನೀವು ನನ್ನನ್ನು ಬಲ್ಲವರಲ್ಲ. ನಾನು ವಾಗದರಿಯಲ್ಲಿ ಅಂಗನವಾಡಿ ಸೇವಿಕೆ, ಹೆಸರು ನೀಲಗಂಗಾ. ಹೋದ ತಿಂಗಳು ಸೋಲಾಪುರದಲ್ಲಿ ನಮಗೆ ಟ್ರೇನಿಂಗ್ ಇತ್ತು. ಮಧ್ಯಾಹ್ನ ಊಟಕ್ಕೆ ಕೂತಾಗ ಒಬ್ಬ ಹಳೆಯ ಸೂಪರ್‌ವೈಜರ್ ಬಾಯಿ, "ನಮ್ಮ ಶೇಳಗಿಯೊಳಗ ಒಬ್ಬ ನರ್ಸಬಾಯಿ ಅದಾರ. ಹಿಂದಕ ಅನಾಥ ಕೂಸುಗೋಳನ್ನ ವಿಮಾನದಾಗ ಪರದೇಶಕ್ಕ ಒಯ್ದು ಮುಟ್ಟಿಸಿ ಬರತಿದ್ರು" ಎಂದರು. ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಅವರಿಂದ ನಿಮ್ಮ ವಿಳಾಸ ಪಡೆದೆ. ಏನೋ ನೆವ ಹೇಳಿದೆ.

ನಾನು 13 ಸಪ್ಟೆಂಬರ್ 1994ರಂದು ಸೋಲಾಪುರದಲ್ಲಿ ಒಂದು ಹೆಣ್ಣು ಕೂಸನ್ನು ಹಡೆದೆ. ಆಗ ನನಗೆ ಹತ್ತೊಂಬತ್ತು. ಮದುವೆ ಆಗಿರಲಿಲ್ಲ. ಹಡೆದವರನ್ನು ಇಡುವ ಕಟ್ಟಡ ಬೇರೆ, ಕೂಸುಗಳ ಮನೆ ಬೇರೆ, ಅದು ನಿಮಗೆ ಗೊತ್ತಿರುವುದೇ. ಐವತ್ತೆರಡು ದಿನ ಹಾಲು ಕುಡಿಸಿದ ಮೇಲೆ ನಮ್ಮಣ್ಣ ಬಂದು ಕಾಗದಕ್ಕೆ ಸಹಿ ಹಾಕಿಸಿದ. ಕೂಸನ್ನು ನಿಮ್ಮ ಸಂಸ್ಥೆಗೆ ಕೊಟ್ಟು ನನ್ನನ್ನು ನಮ್ಮ ತವರೂರು ಭಂಡಾರಕವಠೆಗೆ ಕರೆದುಕೊಂಡು ಹೋದ. ಕಾಗದದಲ್ಲಿ ಗುಮಾಸ್ತರು ಕೂಸಿನ ಹೆಸರು ಸ್ನೇಹಲ ಎಂದು ಬರೆದಿದ್ದರು. ಕೂಸಿನ ಎಡಗಿವಿಯ ಮೇಲ್ತುದಿ ಮಡಿಚಿದಂತಿತ್ತು.

ಅದನ್ನು ವಿಮಾನದಲ್ಲಿ ದೂರದೇಶಕ್ಕೆ ಕಳಿಸಿದರು ಎಂದಷ್ಟೇ ನನಗೆ ಗೊತ್ತು. ಎತ್ತಿಕೊಂಡು ಹೋದವರು ನೀವೇ ಇರಬಹುದೇ? ಇದ್ದರೆ ನಾನು ಕೇಳುವುದು ಇಷ್ಟೇ. ಯಾವ ಊರಿಗೆ? ಇಲ್ಲಿಂದ ಎಷ್ಟು ದೂರ? ಎಷ್ಟು ತಾಸು ಮೇಲಿತ್ತು? ಆ ಹೊತ್ತಿನಲ್ಲಿ ಏನು ಕುಡಿಸಿದಿರಿ? ಅದಕ್ಕೆ ಭುಜದ ಮೇಲೆ ಹಾಕಿಕೊಳ್ಳದಿದ್ದರೆ ನಿದ್ದೆ ಬರುತ್ತಿರಲಿಲ್ಲ. ಇದನ್ನು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ.

ನಮ್ಮ ಮನೆಯವರಿಗೆ ಈ ಸಂಗತಿ ತಿಳಿಯದು. ಮದುವೆಯಾಗಿ ಇಪ್ಪತ್ತಾರು ವರ್ಷ. ಮಗ ಶೈಲೇಶ ಇದ್ದಾನೆ, ಇಪ್ಪತ್ನಾಲ್ಕು ವರ್ಷದವನು. ಉತ್ತರ ಬರೆದರೆ ಅಂಗನವಾಡಿಯ ವಿಳಾಸಕ್ಕೆ ಬರೆಯಿರಿ. ಲಕೋಟೆಯ ಮೇಲೆ ಮರಾಠಿ ಇರಲಿ, ಆಫೀಸಿನ ಟಪಾಲು ಎಂದುಕೊಳ್ಳುತ್ತಾರೆ. ಒಳಗೆ ಕನ್ನಡದಲ್ಲಿ ಬರೆಯಿರಿ. ಮಗ ಮರಾಠಿ ಸಾಲಿಯಲ್ಲಿ ಕಲಿತವನು, ಕನ್ನಡ ಅಕ್ಷರ ಓದಲಾರ. ಮನೆಯವರಿಗೆ ಸಹಿ ಮಾಡಲು ಮಾತ್ರ ಬರುತ್ತದೆ.

ನಿಮಗೆ ತೊಂದರೆ ಕೊಟ್ಟೆ.

ನೀಲಗಂಗಾ ಅಮೃತಪ್ಪ


ಶೇಳಗಿ, ಸೋಲಾಪುರ
17 ಫೆಬ್ರುವರಿ 2024

ಚಿ. ನೀಲಗಂಗಾಳಿಗೆ ಶಾರದಾಬಾಯಿಯ ಆಶೀರ್ವಾದ.

ನಿನ್ನ ಪತ್ರವನ್ನು ನಾಲ್ಕು ದಿನ ಇಟ್ಟುಕೊಂಡು ಕೂತೆ. ಇಂಥ ಸಂಗತಿ ಹೇಳಬಾರದೆಂಬ ನೇಮವಿತ್ತು. ಈಗ ಆ ಸಂಸ್ಥೆಯೇ ಮುಚ್ಚಿ ಹದಿನೈದು ವರ್ಷವಾಯಿತು. ನನಗೂ ಎಪ್ಪತ್ತೆರಡು. ಫೋನಿನಲ್ಲಿ ಮಾತಾಡೋಣವೆಂದರೆ ನನಗೆ ಕಿವಿ ಕೇಳಿಸುವುದಿಲ್ಲ, ಎದುರಿಗೆ ಕೂತು ದೊಡ್ಡ ದನಿಯಲ್ಲಿ ಹೇಳಿದರೆ ಅರ್ಧ ತಿಳಿಯುತ್ತದೆ. ಪತ್ರವೇ ಒಳ್ಳೆಯದು.

ಹೌದು ತಂಗಿ, ಸ್ನೇಹಲಳನ್ನು ಒಯ್ದವಳು ನಾನೇ. ಒಟ್ಟು ಹನ್ನೊಂದು ಸಲ ಹೋಗಿ ಬಂದಿದ್ದೇನೆ, ಅದೇ ಮೊದಲನೆಯದು, ಆದ್ದರಿಂದ ಒಂದೊಂದೂ ನೆನಪಿದೆ. ಮಡಿಚಿದ ಕಿವಿಯೂ ನೆನಪಿದೆ. ಒಯ್ದದ್ದು ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ಊರಿಗೆ. ಸೋಲಾಪುರದಿಂದ ಮುಂಬೈಗೆ ರೈಲು. ಮುಂಬೈಯಿಂದ ಜರ್ಮನಿಯ ಫ್ರಾಂಕ್‌ಫರ್ಟ್‌ಗೆ ಒಂಬತ್ತು ತಾಸು. ಅಲ್ಲಿ ಮೂರು ತಾಸು ಕಾಯುವುದು. ಮತ್ತೊಂದು ವಿಮಾನ, ಒಂದೂವರೆ ತಾಸು. ನನ್ನ ಅಣ್ಣನ ಮಗಳು ಪೂನಮ ಇಲ್ಲಿಯೇ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಾಳೆ, ನನ್ನ ಜೊತೆಗೇ ಇದ್ದಾಳೆ. ಅವಳು ಫೋನಿನಲ್ಲಿ ನೋಡಿ ಹೇಳಿದಳು: ಮುಂಬೈಯಿಂದ ಕೋಪನ್‌ಹೇಗನ್‌ಗೆ ಗೆರೆ ಎಳೆದಂತೆ ಹೋದರೆ ಆರು ಸಾವಿರದ ನಾಲ್ಕುನೂರು ಕಿಲೋಮೀಟರ್, ಎಲ್ಲಿಯೂ ಇಳಿಯದೆ ಹಾರಿದರೆ ಎಂಟೂವರೆ ತಾಸು. ಅಲ್ಲಿಯ ಗಡಿಯಾರ ನಮಗಿಂತ ನಾಲ್ಕೂವರೆ ತಾಸು ಹಿಂದೆ. ನಾವು ಇಳಿದಾಗ ಅಲ್ಲಿ ಇನ್ನೂ ಬೆಳಕಿತ್ತು.

ಏರುವಾಗ, ಇಳಿಯುವಾಗ ಕೂಸಿನ ಬಾಯಿಗೆ ಬಾಟಲಿ ಕೊಟ್ಟಿರಬೇಕು, ಇಲ್ಲದಿದ್ದರೆ ಕಿವಿ ನೋಯುತ್ತದೆ. ಹಾಗೇ ಮಾಡಿದೆ. ಒಟ್ಟು ಐದು ಸಲ ಹಾಲು ಕುಡಿಯಿತು. ಉಳಿದ ಹೊತ್ತು ನಿದ್ದೆ ಮಾಡಿತು. ಅಳಲಿಲ್ಲ. ತೂಕ ಐದು ಕಿಲೋ ಆರುನೂರು ಗ್ರಾಂ. ಆ ಗಂಡಹೆಂಡಿರು ಹಳದಿ ಶಾಲು ತಂದಿದ್ದರು. ಆ ಹೆಂಗಸು ಕೂಸನ್ನು ಎತ್ತಿಕೊಳ್ಳುವ ಮೊದಲು ತನ್ನ ಕೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡಳು. ಅದನ್ನು ನೋಡಿ ನನಗೆ ಸಮಾಧಾನವಾಯಿತು.

ವಿಮಾನ ನಿಲ್ದಾಣದಲ್ಲಿ ಅವರು ನಮ್ಮ ಫೋಟೋ ತೆಗೆದಿದ್ದರು, ಒಂದು ಪ್ರತಿ ನನಗೂ ಕಳಿಸಿದ್ದರು. ಹಿಂದೆ ತಾರೀಖು ಇದೆ: 2 ಮಾರ್ಚ್ 1995.

ಮನಸ್ಸಿಗೆ ಹಚ್ಚಿಕೊಳ್ಳಬೇಡ. ಒಳ್ಳೆಯವರ ಕೈಗೆ ಸೇರಿದೆ.

ಶಾರದಾಬಾಯಿ


ವಾಗದರಿ
1 ಮಾರ್ಚ್ 2024

ಶಾರದಾಬಾಯಿಯವರಿಗೆ,

ನಿಮ್ಮ ಪತ್ರವನ್ನು ಮಕ್ಕಳಿಗೆ ಖಿಚಡಿ ಬಡಿಸಿ ಮಲಗಿಸಿದ ಮೇಲೆ ಓದಿದೆ. ಆ ಹೆಂಗಸು ಕೈ ಬೆಚ್ಚಗೆ ಮಾಡಿಕೊಂಡ ಸಾಲನ್ನು ಎಷ್ಟು ಸಲ ಓದಿದೆನೋ. ನಿಮಗೆ ಪುಣ್ಯ ಬರಲಿ.

ಒಂದು ಮಾತು ಕೂಡುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನೀವು 2 ಮಾರ್ಚ್ ಎಂದಿದ್ದೀರಿ. ಆದರೆ ಕೂಸು ಹೋದದ್ದು 9 ನವೆಂಬರ್ 1994. ಅದು ನನಗೆ ಖಂಡಿತ ಗೊತ್ತು.

ಹೇಗೆಂದರೆ, ಕೂಸನ್ನು ಬಿಟ್ಟು ಊರಿಗೆ ಬಂದ ಮೇಲೆ ನಾಲ್ಕು ದಿನ ನಾನು ಗೋಡೆಗೆ ಮುಖ ಮಾಡಿ ಮಲಗಿದ್ದೆ. ಕುಪ್ಪಸವೆಲ್ಲ ಹಾಲಿನಿಂದ ತೋಯುತ್ತಿತ್ತು. ಐದನೆಯ ದಿನ ನಸುಕಿನಲ್ಲಿ ನಮ್ಮವ್ವ ತಾನೇ ಎದ್ದು ರೊಟ್ಟಿ ಕಟ್ಟಿದಳು. "ಏಳು. ಹೋಗಿ ತಗೊಂಡ ಬಾ. ನಿಮ್ಮಣ್ಣಗ ನಾ ಹೇಳತೀನಿ. ಹೆಂಗಾರ ಬೆಳಸೂಣು" ಎಂದಳು. ಮೊದಲ ಬಸ್ ಗಾಡಿಗೆ ಸೋಲಾಪುರಕ್ಕೆ ಬಂದು, ಕೇಳುತ್ತ ಕೇಳುತ್ತ ಕೂಸುಗಳ ಮನೆಯ ಗೇಟಿಗೆ ಬಂದಾಗ ಹನ್ನೊಂದು ಹೊಡೆದಿತ್ತು. ಕಾವಲುಗಾರ ಒಳಗೆ ಹೋಗಿ ಹೇಳಿದ. ಬಿಳಿ ಸೀರೆಯ ಬಾಯಿಯೊಬ್ಬರು ಬಂದರು. ಗೇಟು ತೆಗೆಯಲಿಲ್ಲ. "ಇವತ್ತ ಮುಂಜಾನಿ ವಿಮಾನದಾಗ ಹೋತು ತಂಗಿ. ಈಗ ಮ್ಯಾಲ ಇರತದ. ನೀ ಊರಿಗಿ ಹೋಗು" ಎಂದರು.

ನಾನು ಹೋಗಲಿಲ್ಲ. ರಸ್ತೆಯ ಆಚೆ ಬೇವಿನ ಗಿಡವಿತ್ತು. ನಾಲ್ಕು ಗಂಟೆಯವರೆಗೆ ಅದರ ಕೆಳಗೆ ಕೂತು ಮೇಲೆ ನೋಡಿದೆ. ಕೂಸು ಇನ್ನೂ ಮೇಲೆ ಇದ್ದರೆ ಎಲ್ಲಿಯೂ ಸೇರಿಲ್ಲವಲ್ಲ, ಯಾರ ಕೂಸೂ ಆಗಿಲ್ಲವಲ್ಲ ಎಂದು ನನಗೆ ಅನಿಸುತ್ತಿತ್ತು. ಎಷ್ಟು ತಾಸಿಗೆ ಇಳಿದೀತು ಎಂದು ಕೇಳಲು ಯಾರೂ ಇರಲಿಲ್ಲ. ಇಷ್ಟು ವರ್ಷ ಅದೊಂದು ಪ್ರಶ್ನೆ ಒಳಗೇ ಉಳಿದಿತ್ತು. ಈಗ ನಿಮ್ಮ ಲೆಕ್ಕ ಹಿಡಿದು ನೋಡಿದೆ. ಮುಂಜಾನೆ ಆರಕ್ಕೆ ಮುಂಬೈ ಬಿಟ್ಟಿದ್ದರೆ, ನಾನು ಗೇಟಿನಲ್ಲಿ ನಿಂತಾಗ ಐದು ತಾಸಿನ ದಾರಿ ಹೋಗಿತ್ತು. ನಾನು ಗಿಡದ ಕೆಳಗಿಂದ ಏಳುವಾಗ ಮೊದಲನೆಯ ವಿಮಾನ ಇಳಿದಿತ್ತು.

ಹಾಗಾದರೆ ಮಾರ್ಚ್ ಹೇಗೆ? ನಿಮಗೆ ವಯಸ್ಸಾಗಿದೆ, ಬೇರೆ ಕೂಸಿನ ತಾರೀಖು ಇದಕ್ಕೆ ಬರೆದಿರಬಹುದು. ಐದು ಕಿಲೋ ಆರುನೂರು ಎಂದಿದ್ದೀರಿ, ನಾನು ಪ್ರತಿ ತಿಂಗಳು ಕೂಸುಗಳನ್ನು ತೂಗುವವಳು, ಎರಡು ತಿಂಗಳ ಕೂಸಿಗೆ ಅದು ಹೆಚ್ಚು. ಫೋಟೋದ ಹಿಂದೆ ಇನ್ನೊಮ್ಮೆ ನೋಡಿ ತಿಳಿಸಿರಿ. ಬೇರೆ ಕೂಸಾಗಿದ್ದರೂ ಪರವಾಗಿಲ್ಲ, ತಿಳಿಸಿರಿ.

ನೀಲಗಂಗಾ


ಶೇಳಗಿ
22 ಏಪ್ರಿಲ್ 2024

ನೀಲಗಂಗಾ,

ಏಳು ವಾರ ಉತ್ತರ ಬರೆಯಲಿಲ್ಲ. ಕಾಯಿಲೆ ಇರಲಿಲ್ಲ. ಬರೆಯುವ ಧೈರ್ಯ ಇರಲಿಲ್ಲ.

ತಾರೀಖು ಸರಿಯಾಗಿದೆ. ಕೂಸೂ ನಿನ್ನದೇ. ಅಂದು ಗೇಟಿಗೆ ಬಂದ ಬಿಳಿ ಸೀರೆಯವಳು ನಾನು.

ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. ನಾನು ಒಳಗೆ ಕೂಸುಗಳ ಬಟ್ಟೆ ಮಡಚುತ್ತಿದ್ದೆ. ಕಾವಲುಗಾರ ಬಂಡೆಪ್ಪ ಬಂದು, "ಹಸಿ ಮೈಯಾಕಿ ಒಬ್ಬಾಕಿ ಬಂದಾಳ್ರಿ, ತನ್ನ ಕೂಸು ಬೇಕಂತ" ಎಂದ. ನಾನು ಸಂಸ್ಥೆಯ ಮುಖ್ಯಸ್ಥೆ ದೊಡ್ಡಬಾಯಿಯವರ ಖೋಲಿಗೆ ಹೋಗಿ ತಿಳಿಸಿದೆ. ಅವರು ತೀರಿಹೋಗಿದ್ದಾರೆ, ಹೆಸರು ಬೇಡ. ತಲೆ ಎತ್ತದೆ ಅವರು, "ಕಾಗದ ಎಲ್ಲಾ ಮುಂದ ಹೋಗ್ಯಾವ. ಕೂಸು ಹೋತು ಅಂತ ಹೇಳು, ಮತ್ತ ಬರೂದಿಲ್ಲ" ಎಂದರು. ತಾಯಿ ಮನಸ್ಸು ಬದಲಿಸಲು ಕಾಯಿದೆಯಲ್ಲಿ ಅವಧಿ ಇರುತ್ತದೆ. ನಿನ್ನ ಅವಧಿ ಮುಗಿದಿರಲಿಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನೌಕರಿಯ ಅಂಜಿಕೆಯಿಂದ ಹೇಳಿದೆ ಎಂದು ಬರೆದರೆ ನೀನು ನಂಬಬಹುದು. ಅದು ಅರ್ಧ ನಿಜ. ಇನ್ನರ್ಧವನ್ನು ಈವರೆಗೆ ಯಾರ ಮುಂದೆಯೂ ಆಡಿಲ್ಲ. ಅದಕ್ಕೆ ಹಿಂದಿನ ವಾರ ನನ್ನ ಪಾಸ್‌ಪೋರ್ಟ್ ಬಂದಿತ್ತು. ಈ ಕೂಸಿನ ಜೊತೆ ನೀನೇ ಹೋಗು ಎಂದು ದೊಡ್ಡಬಾಯಿ ಹೇಳಿದ್ದರು. ನಾನು ಅಲ್ಲಿಯವರೆಗೆ ಪುಣೆಯನ್ನೂ ದಾಟಿರಲಿಲ್ಲ. ಮನೆಯವರಿಗೆಲ್ಲ ಹೇಳಿಕೊಂಡಿದ್ದೆ. ಕೂಸನ್ನು ತಾಯಿ ಒಯ್ದರೆ ನನ್ನ ವಿಮಾನವೂ ಹೋಗುತ್ತಿತ್ತು. ಗೇಟಿನವರೆಗೆ ನಡೆದು ಬರುವಾಗ ಇದು ನನ್ನ ಮನಸ್ಸಿನಲ್ಲಿತ್ತು. ಅದಕ್ಕೇ ಬಾಯಿಗೆ ವಿಮಾನದ ಮಾತೇ ಬಂತು.

ನೀನು ಗಿಡದ ಕೆಳಗೆ ಕೂತದ್ದು ಮೇಲಿನ ಕಿಟಕಿಯಿಂದ ಕಾಣುತ್ತಿತ್ತು. ಅದೇ ಖೋಲಿಯಲ್ಲಿ ಬಾಗಿಲಿನಿಂದ ಮೂರನೆಯ ತೊಟ್ಟಿಲಿನಲ್ಲಿ ಕೂಸಿತ್ತು. ಎರಡು ಗಂಟೆಗೆ ನಾನೇ ಅದಕ್ಕೆ ಹಾಲು ಕುಡಿಸಿದೆ. ನೀನು ಬಂದು ಹೋದ ಮೇಲೆ ನೂರಾ ಹದಿಮೂರು ದಿನ ಅದು ಅಲ್ಲಿಯೇ ಇತ್ತು.

ಮೊದಲ ಪತ್ರದಲ್ಲಿ ಅಳಲಿಲ್ಲ ಎಂದು ಬರೆದಿದ್ದೆ. ಅದೂ ಸುಳ್ಳು. ಮುಂಬೈ ಬಿಟ್ಟಲ್ಲಿಂದ ಅತ್ತಿತು. ಬಾಟಲಿ ಹಿಡಿದಷ್ಟು ಹೊತ್ತು ಸುಮ್ಮನಿದ್ದು ಮತ್ತೆ ಅಳುತ್ತಿತ್ತು. ತೊಡೆಯ ಮೇಲೆ ಮಲಗಿಸಿದೆ, ಎದೆಗೆ ಹಿಡಿದೆ. ಭುಜದ ಮೇಲೆ ಹಾಕಿಕೊಳ್ಳಬೇಕೆಂದು ನನಗೆ ಗೊತ್ತಿರಲಿಲ್ಲ.

ಇನ್ನೊಂದು ಸಂಗತಿ ಇದೆ. ಹೋದ ವರ್ಷ ಪೂನಮಳ ಕಾಲೇಜಿನ ವಿಳಾಸಕ್ಕೆ ಡೆನ್ಮಾರ್ಕಿನಿಂದ ಒಂದು ಮೇಲ್ ಬಂದಿತ್ತು. ಕಳಿಸಿದವಳು ಸ್ನೇಹಲ. ಅವಳ ಹತ್ತಿರ ಇರುವ ಆ ವಿಮಾನ ನಿಲ್ದಾಣದ ಫೋಟೋದ ಹಿಂದೆ ನನ್ನ ಹೆಸರು, ಮನೆತನದ ಹೆಸರು, ಸೋಲಾಪುರ ಎಂದು ಬರೆದಿತ್ತಂತೆ, ಆ ಮನೆತನದ ಹೆಸರು ಹಿಡಿದು ಹುಡುಕಿದಾಗ ಕಾಲೇಜಿನ ಯಾದಿಯಲ್ಲಿ ಪೂನಮ ಸಿಕ್ಕಿದ್ದಾಳೆ. ಹೆತ್ತವಳನ್ನು ನೋಡಬೇಕು ಎಂದಿದ್ದಾಳೆ. ಉತ್ತರ ಕೊಡಬೇಡ ಎಂದು ಪೂನಮಳಿಗೆ ನಾನೇ ಹೇಳಿದೆ.

ಈಗ ಕೊಡಿಸಲೇ?

ಶಾರದಾಬಾಯಿ


ವಾಗದರಿ
6 ಮೇ 2024

ಕೊಡಿಸಿರಿ. ನಾನು ಇದ್ದೇನೆ ಎಂದು ಬರೆಯಿಸಿರಿ.

ಗೇಟಿನ ಮಾತು ಪತ್ರದಲ್ಲಿ ಬೇಡ. ಆಕೆ ಬಂದರೆ ಅವಳ ಎದುರಿಗೆ ನಿಮ್ಮ ಬಾಯಿಂದಲೇ ಹೇಳಬೇಕು. ನಾನು ನಿಮ್ಮನ್ನು ಕೇಳುವುದು ಇದೊಂದೇ.

ನೂರಾ ಹದಿಮೂರು ದಿನ. ಭಂಡಾರಕವಠೆಯಿಂದ ಗಾಡಿಯಲ್ಲಿ ಎರಡು ತಾಸು.

ನೀಲಗಂಗಾ


ಶೇಳಗಿ
16 ಜುಲೈ 2024

ನೀಲಗಂಗಾ,

ಬರುತ್ತಾಳೆ. ಅಗಸ್ಟ್ 11ಕ್ಕೆ ಸೋಲಾಪುರ ಮುಟ್ಟುತ್ತಾಳೆ, ಮೂರು ದಿನ ಇರುತ್ತಾಳೆ. ಲಾಡ್ಜಿನಲ್ಲಿ ಖೋಲಿ ಹಿಡಿದಿದ್ದಾಳೆ. 12ನೆಯ ತಾರೀಖು ಸೋಮವಾರ ಮುಂಜಾನೆ ಹನ್ನೊಂದಕ್ಕೆ ನಮ್ಮ ಮನೆಗೆ ಬಾ. ಪೂನಮ ರಜೆ ಹಾಕುತ್ತಾಳೆ, ಅವಳೇ ಆಕೆಯ ಮಾತು ನಿನಗೆ, ನಿನ್ನ ಮಾತು ಆಕೆಗೆ ತಿಳಿಸುತ್ತಾಳೆ. ಮನೆಯಲ್ಲಿ ಟ್ರೇನಿಂಗ್ ಎಂದು ಹೇಳಿದರೆ ನಡೆದೀತು.

ಆಕೆ ಅಲ್ಲಿ ಸಿಟಿ ಬಸ್ ಓಡಿಸುತ್ತಾಳಂತೆ. ಮದುವೆಯಾಗಿಲ್ಲ. ಸಾಕಿದ ತಾಯಿ ಇದ್ದಾಳೆ, ತಂದೆ ಇಲ್ಲ. ನಿನಗೆ ಇಂಥದ್ದೆಲ್ಲ ಮೊದಲೇ ಗೊತ್ತಿರಲಿ ಎಂದು ಬರೆದೆ.

ನೀನು ಕೇಳಿದ್ದನ್ನು ಮರೆತಿಲ್ಲ. ಹೇಳುತ್ತೇನೆ. ದಿನಾ ಸ್ನಾನ ಮಾಡುವಾಗ ಬಾಯಿಪಾಠ ಮಾಡಿಕೊಳ್ಳುತ್ತಿದ್ದೇನೆ.

ಶಾರದಾಬಾಯಿ


ವಾಗದರಿ
14 ಅಗಸ್ಟ್ 2024

ಶಾರದಾಬಾಯಿಯವರಿಗೆ,

ಮೊನ್ನೆ ನೀವು ಅಲ್ಲಿಯೇ ಕೂತಿದ್ದಿರಿ. ಆದರೆ ಮಾತು ಮೆಲ್ಲಗೆ ನಡೆಯಿತು, ನಿಮಗೆ ಬಹಳಷ್ಟು ಕೇಳಿಸಿರಲಿಕ್ಕಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಒಳಗೆ ಬಂದಾಗ ಆಕೆ ಎದ್ದು ನಿಂತಳು. ಅಷ್ಟು ಎತ್ತರ ಇರುತ್ತಾಳೆಂದು ನಾನು ಎಣಿಸಿರಲಿಲ್ಲ. ಮುಟ್ಟಬೇಕೋ ಬೇಡವೋ ತಿಳಿಯದೆ ಇಬ್ಬರೂ ನಿಂತೆವು. ಆಮೇಲೆ ಆಕೆ ತನ್ನ ಕೂದಲು ಸರಿಸಿ ಎಡಗಿವಿ ತೋರಿಸಿದಳು. ನಾನು ಅದನ್ನು ಹಿಡಿದುಕೊಂಡೆ. ಅಷ್ಟು ನೀವೂ ನೋಡಿದಿರಿ.

ನಾನು ಒಯ್ದಿದ್ದ ಶೇಂಗಾ ಹೋಳಿಗೆಯನ್ನು ಎಡಗೈಯಿಂದ ತಿಂದಳು. ನನ್ನ ಮನೆತನದಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯೇ, ಎದೆಯ ಬೇನೆ ಇದೆಯೇ ಎಂದು ಕೇಳಿದಳು. ಅಲ್ಲಿಯ ಡಾಕ್ಟರುಗಳು ಪ್ರತಿ ಸಲ ಕೇಳುತ್ತಾರಂತೆ, ಪ್ರತಿ ಸಲ ಗೊತ್ತಿಲ್ಲ ಎಂದು ಬರೆಯುತ್ತಾಳಂತೆ. ನಮ್ಮವ್ವನಿಗೆ ಸಕ್ಕರೆ ಇತ್ತು ಎಂದೆ. ಸಣ್ಣ ವಹಿಯಲ್ಲಿ ಬರೆದುಕೊಂಡಳು. ತಂದೆಯ ಹೆಸರು ಕೇಳಿದಳು. ಹೇಳಿದೆ. ಮೂವತ್ತು ವರ್ಷದಲ್ಲಿ ನಾನು ಆ ಹೆಸರನ್ನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಆತ ಇದ್ದಾನೋ ಇಲ್ಲವೋ ತಿಳಿಯದು ಎಂದೆ. ಅದನ್ನೂ ಬರೆದುಕೊಂಡಳು.

ನಗುವಾಗ ಆಕೆ ನಮ್ಮವ್ವ. ನಾನಲ್ಲ, ನಮ್ಮವ್ವ.

ಆಮೇಲೆ ಚೀಲದಿಂದ ವಿಮಾನ ನಿಲ್ದಾಣದ ನಿಮ್ಮ ಫೋಟೋ ತೆಗೆದಳು, ದೊಡ್ಡದು ಮಾಡಿಸಿ ಚೌಕಟ್ಟು ಹಾಕಿಸಿ ತಂದಿದ್ದಳು. ನಿಮ್ಮ ಕೈಗೆ ಕೊಟ್ಟು ಏನೋ ಹೇಳಿದಳು. ಪೂನಮ ಮೆಲ್ಲಗೆ ನನಗೆ ಹೇಳಿದಳು, "ಸಣ್ಣಾಕಿ ಇದ್ದಾಗ ಅಂಜಿಕಿ ಬಂದ್ರ ಈ ಫೋಟೋ ನೋಡತಿದ್ಳಂತ. ಹಿಂದೂಸ್ಥಾನದಾಗ ಒಬ್ಬಾಕಿ ನನ್ನ ಎತ್ತಿಕೊಂಡಿದ್ಳು ಅಂತ ಧೈರ್ಯ ತಗೋತಿದ್ಳಂತ." ಆಕೆ ನಿಮ್ಮನ್ನು ತಬ್ಬಿಕೊಂಡಳು. ನನ್ನನ್ನು ಇನ್ನೂ ತಬ್ಬಿಕೊಂಡಿರಲಿಲ್ಲ.

ಅದಾದ ಮೇಲೆಯೇ ಆಕೆ ಅದನ್ನು ಕೇಳಿದ್ದು. ಪೂನಮ ನೆಲ ನೋಡುತ್ತ ಹೇಳಿದಳು, "ನೀವು ಮತ್ತ ಯಾವಾಗಾರ ಆಕೀನ್ನ ಕೇಳಕೋತ ಬಂದಿದ್ರೇನು ಅಂತಾಳ್ರಿ. ಆಕಿ ಫಾಯಿಲ್‌ನ್ಯಾಗ, ತಾಯಿ ಮತ್ತ ವಿಚಾರಿಸಿಲ್ಲ ಅಂತ ಬರದದಂತ."

ನಾನು ನಿಮ್ಮ ಕಡೆ ನೋಡಿದೆ. "ಇದನ್ನ ನಿಮ್ಮ ಅತ್ತಿ ಹೇಳತಾರ" ಎಂದು ಪೂನಮಳಿಗೆ ಹೇಳಿದೆ. ಅವಳು ನಿಮ್ಮ ಕಿವಿಯ ಹತ್ತಿರ ಬಾಗಿ ಜೋರಾಗಿ ಹೇಳಿದಳು. ನಿಮಗೆ ಕೇಳಿಸಿತು. ನಿಮ್ಮ ಮುಖ ಬದಲಾದದ್ದನ್ನು ನಾನು ನೋಡಿದೆ. ನೀವು ಫೋಟೋವನ್ನು ಎದೆಗೆ ಹಿಡಿದುಕೊಂಡು, "ಚಹಾಕ್ಕ ಇಡತೀನಿ" ಎಂದು ಎದ್ದು ಹೋದಿರಿ.

ನಾನೇ ಹೇಳಬಹುದಿತ್ತು. ನಾಲಗೆಯ ತುದಿಗೆ ಬಂದಿತ್ತು. ಆದರೆ ಬಿಟ್ಟುಕೊಟ್ಟವಳು ತಾನೇ ಬಾಯಿಬಿಟ್ಟು ಬಂದಿದ್ದೆ ಎಂದರೆ, ಫಾಯಿಲಿನಲ್ಲಿ ಇಲ್ಲ ಎಂದು ಇರುವಾಗ, ಯಾರು ನಂಬುತ್ತಾರೆ? ಸುಳ್ಳು ಸಬೂಬು ಅನಿಸುತ್ತದೆ. ಆಕೆ ಬಹಳ ಹೊತ್ತು ಕಾದಳು. ಆಮೇಲೆ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಏನೋ ಹೇಳಿದಳು. "ಇರಲಿ, ನಿಮಗ ಆಗ ಹತ್ತೊಂಬತ್ತ ವರ್ಷ ಇತ್ತು, ನನಗ ಸಿಟ್ಟಿಲ್ಲ ಅಂತಾಳ್ರಿ" ಎಂದಳು ಪೂನಮ.

ನಾನು ಮಾಡದ ತಪ್ಪನ್ನು ನನ್ನ ಮಗಳು ಕ್ಷಮಿಸಿದಳು. ನಾನು ತಲೆ ಅಲ್ಲಾಡಿಸಿ ಅದನ್ನು ಒಪ್ಪಿಕೊಂಡೆ. ನಾಲ್ಕೂವರೆ ಗಾಡಿ ಹಿಡಿಯಬೇಕಿತ್ತು.

ನೀವು ತಂದಿಟ್ಟ ಚಹಾ ನಾನು ಕುಡಿಯಲಿಲ್ಲ. ನೋಡಿರಬಹುದು.

ನೀಲಗಂಗಾ


ಶೇಳಗಿ
20 ಅಗಸ್ಟ್ 2024

ನೀಲಗಂಗಾ,

ನಿನ್ನ ಪತ್ರ ನಿನ್ನೆ ಬಂತು. ಪೂನಮಳಿಗೆ ಕನ್ನಡ ಓದಲು ಬರುವುದಿಲ್ಲ. ಅವಳನ್ನು ಎದುರಿಗೆ ಕೂರಿಸಿಕೊಂಡು ನಿನ್ನ ಪತ್ರಗಳನ್ನು ಮೊದಲಿನಿಂದ ಓದಿ ಹೇಳಿದೆ. ನನ್ನ ಏಪ್ರಿಲ್ ಪತ್ರದ ಕರಡು ನನ್ನ ಹತ್ತಿರವೇ ಇತ್ತು, ಅದನ್ನೂ ಓದಿದೆ. ಪಾಸ್‌ಪೋರ್ಟಿನ ಮಾತು ಬಂದಾಗ ಅವಳು, "ಅತ್ತಿ, ಸಾಕ ಮಾಡು" ಎಂದಳು. ಸಾಕು ಮಾಡಲಿಲ್ಲ. ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆಯಿಸಿ ಸ್ನೇಹಲಳಿಗೆ ಕಳಿಸಿದೆ. ಅವಳು ಆಗಲೇ ತನ್ನ ಊರು ಮುಟ್ಟಿದ್ದಳು.

ಎದುರಿಗೆ ಹೇಳು ಎಂದು ನೀನು ಕೇಳಿದ್ದೆ. ಅದು ನನ್ನಿಂದ ಆಗಲಿಲ್ಲ. ಅವಳು ನನ್ನನ್ನು ತಬ್ಬಿಕೊಂಡಿದ್ದಳು, ಅಷ್ಟಕ್ಕೇ ನನ್ನ ಬಾಯಿ ಕಟ್ಟಿತು. ನನ್ನ ಜೀವಮಾನದಲ್ಲಿ ಯಾರೂ ನನ್ನನ್ನು ಹಾಗೆ ಹಿಡಿದುಕೊಂಡಿರಲಿಲ್ಲ. ಇದು ಸಬೂಬಲ್ಲ, ನಡೆದದ್ದು.

ಪೂನಮ ನಿನ್ನೆಯಿಂದ ಊಟ ಬಡಿಸಿಟ್ಟು ತನ್ನ ಖೋಲಿಗೆ ಹೋಗುತ್ತಾಳೆ.

ಶಾರದಾಬಾಯಿ


ವಾಗದರಿ
8 ಸಪ್ಟೆಂಬರ್ 2024

ಶಾರದಾಬಾಯಿಯವರಿಗೆ,

ನಿಮ್ಮನ್ನು ಕ್ಷಮಿಸಿ ಈ ಪತ್ರ ಬರೆಯುತ್ತಿಲ್ಲ. ಅದು ನನ್ನಿಂದ ಆಗಿಲ್ಲ, ಆಗುತ್ತದೆಂದೂ ತೋರುವುದಿಲ್ಲ. ಆದರೆ ನಡೆದದ್ದನ್ನು ಹೇಳಿಕೊಳ್ಳಲು ಭೂಮಿಯ ಮೇಲೆ ನನಗೆ ಬೇರೆ ಯಾರೂ ಇಲ್ಲ.

ಅಂದು ಹೊರಡುವಾಗ, ಅಗದೀ ಅವಸರ ಬಿದ್ದರೆ ಮಾತ್ರ ಇರಲಿ ಎಂದು ನಮ್ಮ ಮನೆಯ ಫೋನ್ ನಂಬರನ್ನು ಪೂನಮಳಿಗೆ ಕೊಟ್ಟು ಬಂದಿದ್ದೆ. ಅಗಸ್ಟ್ 27ರ ಸಂಜೆ ನಾನು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಫೋನ್ ಬಂತು. ನಮ್ಮ ಮನೆಯವರು ಎತ್ತಿದರು. ಸ್ನೇಹಲ ತಡೆದುಕೊಳ್ಳಲಾಗದೆ ಪೂನಮಳಿಂದ ಫೋನ್ ಹಚ್ಚಿಸಿದ್ದಳು, ಇಬ್ಬರೂ ಒಂದೇ ಲೈನಿನಲ್ಲಿದ್ದರು. ಪೂನಮ, ತಾನು ಮೊದಲು ಮಾತಾಡುತ್ತೇನೆ ಎಂದು ಎಷ್ಟು ಹೇಳಿದ್ದರೂ, ಫೋನ್ ಎತ್ತಿದ ಸದ್ದು ಕೇಳಿದ ಕೂಡಲೇ ಆಕೆ, ಕಲಿತುಕೊಂಡಿದ್ದ ಮಾತನ್ನು ಆಡಿಬಿಟ್ಟಳು. "ಅವ್ವಾ, ನಾ ನಿನ್ನ ಮಗಳು ಸ್ನೇಹಲ."

ಮನೆಯವರು ಹಿತ್ತಲ ಬಾಗಿಲಿಗೆ ಬಂದು ಫೋನ್ ಮುಂದೆ ಹಿಡಿದರು. "ತಗೋ. ನಿನ್ನ ಮಗಳಂತ" ಎಂದರು. ನನ್ನ ಕೈಯೆಲ್ಲ ಬೂದಿಯಾಗಿತ್ತು. ಹಾಗೆಯೇ ತೆಗೆದುಕೊಂಡೆ. ಅವರು ಹೊರಗೆ ಹೋದರು.

ಆಕೆ ಅಳುತ್ತಿದ್ದಳು. ಪೂನಮ ನಡುವೆ ಮಾತು ಹೇಳುತ್ತಿದ್ದಳು. ನಾನು ಅಂದು ಗೇಟಿಗೆ ಬಂದದ್ದು ತನಗೆ ಈಗ ತಿಳಿಯಿತು ಎಂದಳು. ಆಮೇಲೆ, ಒಂದು ಸಲ ಇಲ್ಲ ಎಂದರೆ ಅಷ್ಟಕ್ಕೇ ಏಕೆ ತಿರುಗಿ ಹೋದಿರಿ, ಮರುದಿನ ಏಕೆ ಬರಲಿಲ್ಲ, ಪೊಲೀಸರ ಹತ್ತಿರ ಏಕೆ ಹೋಗಲಿಲ್ಲ ಎಂದು ಕೇಳಿದಳು. ನಿಮ್ಮ ಮನೆಯಲ್ಲಿ ಕೂತಾಗ ಇಲ್ಲದ ಸಿಟ್ಟು ಆಕೆಗೆ ಈಗ ಬಂದಿದೆ. ಬಿಟ್ಟು ಹೋದವಳನ್ನು ಕ್ಷಮಿಸುವುದು ಆಕೆಗೆ ಸುಲಭವಿತ್ತು. ಬೇಕೆಂದು ಬಂದು ಒಂದು ಮಾತಿಗೆ ತಿರುಗಿ ಹೋದವಳನ್ನು ಏನು ಮಾಡಬೇಕೆಂದು ತಿಳಿಯುತ್ತಿಲ್ಲ. "ವಿಮಾನ ಹೋತು ಅಂದ್ರು, ಖರೇ ಅಂತ ತಿಳದೆ" ಎಂದೆ. ಸ್ವಲ್ಪ ದಿನ ಫೋನ್ ಮಾಡುವುದಿಲ್ಲ ಎಂದಳು. ನಿಮ್ಮ ಹೆಸರು ತನ್ನ ಮುಂದೆ ಎತ್ತಬಾರದು ಎಂದಳು. ಅದನ್ನು ನಿಮಗೆ ತಿಳಿಸಬೇಕಾಗಿತ್ತು.

ಶೈಲೇಶನಿಗೆ ಅವನ ಅಪ್ಪನೇ ಹೇಳಿದರು. ಅವನು ಮರುದಿನವೇ ಕೆಲಸ ಇದೆ ಎಂದು ಪುಣೆಗೆ ಹೋದ. ಹೋಗುವಾಗ, "ಆಯಿ, ಅಂಗನವಾಡಿಗಿ ಬರತಿದ್ದ ಟಪಾಲ ಇದಽ ಏನು?" ಎಂದು ಕೇಳಿದ. ಹೌದೆಂದೆ.

ಮನೆಯವರು ಹನ್ನೊಂದು ದಿನ ನನ್ನ ಕೂಡ ಮಾತಾಡಲಿಲ್ಲ. ಬೈಯಲಿಲ್ಲ, ಹೊಡೆಯಲಿಲ್ಲ. ಹೊಲಕ್ಕೆ ಹೋಗುವುದು, ಬರುವುದು, ಉಣ್ಣುವುದು. ನನ್ನನ್ನು ಕರೆದೊಯ್ಯಲು ನಮ್ಮಣ್ಣನಿಗೆ ಹೇಳಿ ಕಳಿಸುತ್ತಾರೆಂದು ನಾನು ಎರಡು ಸೀರೆ ಗಂಟು ಕಟ್ಟಿ ಇಟ್ಟಿದ್ದೆ.

ನಿನ್ನೆ ಮಧ್ಯಾಹ್ನ ಊಟಕ್ಕೆ ಕೂತರು. ನಾನು ರೊಟ್ಟಿ ಬಡಿಸಿ ಒಲೆಯ ಕಡೆ ತಿರುಗಿದ್ದೆ. ಹಿಂದಿನಿಂದ ಮಾತು ಬಂತು.

"ಶೈಲೇಶಗ ಮೂರ ವರ್ಷ ಹಾಲ ಕುಡಿಸಿದಿ" ಎಂದರು. "ಸಾಲಿಗಿ ಹೋಗೂ ಹುಡುಗ ಇನ್ನೂ ಕುಡೀತದಂತ ಓಣಿ ಮಂದಿ ನಗತಿದ್ರು. ಬೇವಿನ ರಸ ಹಚ್ಚಿ ಬಿಡಸು ಅಂತ ನಮ್ಮವ್ವ ದಿನಾ ಹೇಳತಿದ್ಳು. ನೀ ಒಲ್ಲೆ ಒಲ್ಲೆ ಅಂತ ಅಳತಿದ್ದಿ. ಒಂದ ದಿನ ನಾನೂ ಬೈದೆ. ಆಗಾರ ಹೇಳಬಾರದಿತ್ತೇನು ನೀಲಗಂಗಾ?"

ನಾನು ತಿರುಗಿ ನೋಡಿದೆ. ಅವರು ರೊಟ್ಟಿ ಮುರಿದಿದ್ದರು, ತಿಂದಿರಲಿಲ್ಲ. ಕಣ್ಣೀರು ತಾಟಿಗೆ ಬೀಳುತ್ತಿತ್ತು. ತಾಟಿನಲ್ಲಿಯೇ ಕೈ ತೊಳೆದುಕೊಂಡು ಎದ್ದು ಹೊಲಕ್ಕೆ ಹೋದರು.

ನೀಲಗಂಗಾ